ಎತ್ತರಿಸಿದ ಪಿಕಪ್‌ಗೆ ಎಷ್ಟು ದೊಡ್ಡ ಚಕ್ರ?

ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದ ಮರಳು, ಬಂಡೆ, ಒಣಹಳ್ಳಗಳ ಮೇಲೆ 1967ರಲ್ಲಿ ಒಂದು ದೊಡ್ಡ ಮೋಟಾರು ರೇಸ್ ಶುರುವಾಯಿತು. ಈಗ ಅದನ್ನು ಬಾಹಾ 1000 ಎನ್ನುತ್ತಾರೆ. ಉತ್ತರದ ಗಡಿಯಿಂದ ದಕ್ಷಿಣದ ಲಾ ಪಾಸ್ ಊರಿನವರೆಗಿನ ಆ ಮೊದಲ ಓಟವನ್ನು 27 ಗಂಟೆ 38 ನಿಮಿಷಗಳಲ್ಲಿ ಮುಗಿಸಿ ಗೆದ್ದದ್ದು ಮೇಯರ್ಸ್ ಮ್ಯಾಂಕ್ಸ್ ಎಂಬ ಹಗುರ ಬಗ್ಗಿ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಚಾಸಿಯ ಮೇಲೆ ಕಟ್ಟಿದ ಆ ಗಾಡಿಯಲ್ಲಿ ಎಂಜಿನ್ ಬಲ ಹೋಗುತ್ತಿದ್ದುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. 1994ರಲ್ಲಿ ಟ್ರೋಫಿ ಟ್ರಕ್ ಎಂಬ ದೈತ್ಯ ಪಿಕಪ್‌ಗಳ ವರ್ಗ ಬಂದಾಗಲೂ ಅವು ಬಹುಕಾಲ ಹಿಂಬದಿ ಚಕ್ರಗಳ ಬಲದಿಂದಲೇ ಓಡಿದವು. ಮುಂದಿನ ಚಕ್ರಗಳಿಗೆ ಡ್ರೈವ್ ಶಾಫ್ಟ್ ಇಲ್ಲದಿದ್ದರೆ ಆ ಚಕ್ರಗಳು ಇನ್ನೂ ಹೆಚ್ಚು ಮೇಲೆ ಕೆಳಗೆ ಆಡಬಹುದು, ಮುರಿಯುವ ಭಾಗಗಳೂ ಕಡಿಮೆ.

ರೇಸಿಗೆ ಮೊದಲು ದಾರಿ ನೋಡಿಕೊಂಡು ಬರಲು ಸ್ಪರ್ಧಿಗಳು ಸಾಮಾನ್ಯ ಪಿಕಪ್‌ಗಳನ್ನೇ ಸ್ವಲ್ಪ ಎತ್ತರಿಸಿ ಓಡಿಸುತ್ತಿದ್ದರು. ಅವೇ ಪ್ರೀರನ್ನರ್‌ಗಳು. ಟೊಯೋಟಾ ಆ ಹೆಸರನ್ನೇ ಎತ್ತಿಕೊಂಡು 1998ರ ಮಾದರಿಯಲ್ಲಿ ಟಕೋಮಾ ಪ್ರೀರನ್ನರ್ ತಂದಿತು. ನೋಟಕ್ಕೆ ಫೋರ್ ವ್ಹೀಲ್ ಡ್ರೈವ್, ನಿಂತ ಎತ್ತರವೂ ಅದರದ್ದೇ, ಚಕ್ರಕ್ಕೆ ಆರು ಬೋಲ್ಟ್. ಆದರೆ ಎಂಜಿನ್ ಬಲ ಹಿಂದಕ್ಕೆ ಮಾತ್ರ. ಅದೇ ಕಾಲದ ತಗ್ಗಿನ ಟು ವ್ಹೀಲ್ ಡ್ರೈವ್ ಟಕೋಮಾಗೆ ಐದು ಬೋಲ್ಟ್ ಇದ್ದವು. ದಕ್ಷಿಣ ಕ್ಯಾಲಿಫೋರ್ನಿಯಾ, ಅರಿಜೋನಾ, ನೆವಾಡಾದ ಮರುಭೂಮಿ ಸೀಮೆಯಲ್ಲಿ ಇಂಥ ಗಾಡಿ ಇರುವ ಸಾವಿರಾರು ಜನ ಇದ್ದಾರೆ. ಅವರೆಲ್ಲರ ಮುಂದೆ ಒಂದಲ್ಲ ಒಂದು ದಿನ ಬರುವ ಪ್ರಶ್ನೆ ಒಂದೇ: ಗಾಡಿ ಎತ್ತರಿಸಿದ್ದಾಯಿತು, ಈಗ ಯಾವ ಅಳತೆಯ ಟೈರು, ಯಾವ ರಿಮ್ಮು?

ಈ ಪ್ರಶ್ನೆಗೆ ಅಂಗಡಿಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ ಸಾಲಿನದ್ದು: ಮೂರು ಇಂಚು ಲಿಫ್ಟ್ ಇದ್ದರೆ 33ರ ಟೈರು ಹಾಕಿ. ಆದರೆ ಇದು ಕಣ್ಣಂದಾಜಿನ ವಿಷಯವಲ್ಲ. ಶಾಲೆಯಲ್ಲಿ ಕಲಿತ ಗಣಿತ, ಭೌತವಿಜ್ಞಾನ ಸಾಕು, ಬಹುಪಾಲು ಉತ್ತರ ಕಾಗದದ ಮೇಲೆಯೇ ಸಿಗುತ್ತದೆ.

ಮೊದಲು ಟೈರಿನ ಪಕ್ಕೆಯ ಮೇಲೆ ಅಚ್ಚಾದ ಅಂಕಿಗಳನ್ನು ಓದೋಣ. ಎರಡನೇ ತಲೆಮಾರಿನ ಟಕೋಮಾಗಳಲ್ಲಿ ಕಂಪನಿಯೇ ಕೊಡುತ್ತಿದ್ದ ಒಂದು ಅಳತೆ 265/70ಆರ್16. ಅಗಲ 265 ಮಿ.ಮೀ. ಪಕ್ಕೆಯ ಎತ್ತರ ಆ ಅಗಲದ ಶೇ. 70, ಅಂದರೆ 185.5 ಮಿ.ಮೀ. ರಿಮ್ಮು 16 ಇಂಚು, ಅಂದರೆ 406.4 ಮಿ.ಮೀ. ಪಕ್ಕೆ ಮೇಲೊಂದು ಕೆಳಗೊಂದು. ಎರಡನ್ನೂ ರಿಮ್ಮಿಗೆ ಕೂಡಿಸಿದರೆ ಒಟ್ಟು ವ್ಯಾಸ 777 ಮಿ.ಮೀ., ಸುಮಾರು 30.6 ಇಂಚು. ಅದೇ ರಿಮ್ಮಿಗೆ ಕೂರುವ 265/75ಆರ್16ರ ವ್ಯಾಸ 804 ಮಿ.ಮೀ.; ಬಳಕೆಯಲ್ಲಿ ಇದನ್ನು 32 ಎನ್ನುತ್ತಾರೆ. 285/75ಆರ್16 ಎಂದರೆ 834 ಮಿ.ಮೀ.; ಇದು 33. ಪಿಕಪ್ ಮಂದಿ ಮಾತಾಡುವುದು ಈ ಇಂಚಿನ ಭಾಷೆಯಲ್ಲೇ. 31x10.50ಆರ್15 ಎಂಬ ಹಳೆಯ ಪದ್ಧತಿಯಲ್ಲಿ ವ್ಯಾಸ, ಅಗಲ ಎರಡೂ ನೇರವಾಗಿ ಇಂಚಿನಲ್ಲೇ ಇರುತ್ತವೆ.

ಈಗ ಬಹಳ ಜನ ಗಮನಿಸದ ಸಂಗತಿ. ಸಸ್ಪೆನ್ಷನ್ ಲಿಫ್ಟ್ ಎತ್ತುವುದು ಚಾಸಿಯನ್ನು, ಕ್ಯಾಬಿನ್ನನ್ನು. ಹಿಂದಿನ ಆಕ್ಸಲ್ಲು, ಅದರ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ಲು ಇದ್ದಲ್ಲೇ ಇರುತ್ತವೆ. ದಾರಿಯ ನಡುವಿನ ಬಂಡೆಗೆ ಮೊದಲು ತಾಗುವುದು ಅದೇ. ಅದನ್ನು ನೆಲದಿಂದ ಮೇಲೆತ್ತುವ ಶಕ್ತಿ ಟೈರಿಗೆ ಮಾತ್ರ ಇದೆ, ಅದೂ ವ್ಯಾಸದ ಹೆಚ್ಚಳದ ಅರ್ಧದಷ್ಟು. 30.6ರಿಂದ 33ಕ್ಕೆ ಹೋದರೆ ಸಿಗುವ ಎತ್ತರ 28 ಮಿ.ಮೀ.; 32ಕ್ಕೆ ನಿಂತರೆ 13 ಮಿ.ಮೀ. ಮೂರು ಇಂಚಿನ ಲಿಫ್ಟ್ ಹಾಕಿಸಿದವರು ಆಕ್ಸಲ್ಲಿನ ಕೆಳಗೂ ಮೂರು ಇಂಚು ಸಿಕ್ಕಿತೆಂದು ನಂಬಿ ಬಂಡೆಯ ಮೇಲೆ ಹತ್ತಿಸಿದರೆ ಡಿಫರೆನ್ಷಿಯಲ್ಲಿನ ಮುಚ್ಚಳ ಒಡೆಯುತ್ತದೆ.

ಲಿಫ್ಟ್ ದೊಡ್ಡ ಟೈರಿಗೆ ಜಾಗ ಮಾಡಿಕೊಡುತ್ತದೆ ಎಂಬ ಮಾತೂ ಅರ್ಧ ಸತ್ಯವೇ. ಗಾಡಿ ನಿಂತಾಗ ಜಾಗ ಕಾಣುತ್ತದೆ, ನಿಜ. ಆದರೆ ಚಕ್ರ ಹಳ್ಳಕ್ಕೆ ಬಿದ್ದು ಏಳುವಾಗ ಸ್ಪ್ರಿಂಗು ಪೂರ್ತಿ ಅಮುಕಿ, ಕೆಳಗಿನ ಆರ್ಮು ರಬ್ಬರಿನ ಬಂಪ್ ಸ್ಟಾಪಿಗೆ ಬಡಿಯುತ್ತದೆ. ಬಂಪ್ ಸ್ಟಾಪ್ ಮೊದಲಿದ್ದ ಕಡೆಯೇ ಇದ್ದರೆ ಚಕ್ರ ಏರುವ ತುತ್ತತುದಿಯೂ ಮೊದಲಿನದ್ದೇ. ಲಿಫ್ಟ್ ಎಷ್ಟೇ ಇರಲಿ, ಆ ತುದಿಯಲ್ಲಿ 33ರ ಟೈರಿಗೆ ಇರುವ ಜಾಗ ಒಂದಿಷ್ಟೂ ಹೆಚ್ಚಿಲ್ಲ. ಡಾಂಬರು ರಸ್ತೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಟೈರು ಮೊದಲ ಒರಟು ದಾರಿಯಲ್ಲೇ ಉಜ್ಜತೊಡಗುವುದು ಇದೇ ಕಾರಣಕ್ಕೆ.

ಬಲ್ಲ ಮೆಕ್ಯಾನಿಕ್ಕುಗಳು ಇದನ್ನು ಅಳೆಯುವ ಬಗೆ ನೋಡಲು ಚೆಂದ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಸ್ಪ್ರಿಂಗು ಮತ್ತು ಶಾಕ್ ಜೋಡಿಯನ್ನು ಬಿಚ್ಚಿ ತೆಗೆಯುತ್ತಾರೆ. ಹಾಕಬೇಕೆಂದಿರುವ ಟೈರನ್ನೇ ಕೂರಿಸಿ, ಕೆಳಗಿನ ಆರ್ಮಿಗೆ ಜಾಕ್ ಕೊಟ್ಟು ಬಂಪ್ ಸ್ಟಾಪ್ ಮುಟ್ಟುವತನಕ ಮೆಲ್ಲಗೆ ಎತ್ತುತ್ತಾರೆ. ಹಾಗೆ ಎತ್ತಿದ ಸ್ಥಿತಿಯಲ್ಲಿ ಸ್ಟಿಯರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸುತ್ತಾರೆ. ಟಕೋಮಾದಲ್ಲಿ 33ರ ಟೈರು ಮೊದಲು ತಾಗುವ ಜಾಗ ಚಕ್ರದ ಹಿಂಬದಿಯಲ್ಲಿದೆ: ಕ್ಯಾಬಿನ್ನನ್ನು ಚಾಸಿಗೆ ಕೂರಿಸುವ ಉಕ್ಕಿನ ಕಿವಿಯ ಮೂಲೆ. ಆ ಮೂಲೆಗೂ ಟೈರಿನ ಭುಜಕ್ಕೂ ನಡುವೆ ಬೆರಳು ತೂರಿಸಿ ನೋಡುತ್ತಾರೆ. ಬೆರಳು ಹೋಗದಿದ್ದರೆ ಉಳಿದಿರುವುದು ಎರಡೇ ದಾರಿ: ಆ ಕಿವಿಯ ಮೂಲೆ ಕತ್ತರಿಸಿ ತಗಡು ಬೆಸೆಯುವುದು, ಇಲ್ಲವೇ ಸಣ್ಣ ಟೈರಿಗೆ ಮನಸ್ಸು ಮಾಡುವುದು. ಈಗಾಗಲೇ ಓಡುತ್ತಿರುವ ಗಾಡಿಯಾದರೆ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಟಾರ್ಚ್ ಬಿಟ್ಟು ನೋಡಬೇಕು. ಎಲ್ಲೆಡೆ ಧೂಳಿದ್ದು, ಒಂದು ಕಡೆ ಮಾತ್ರ ಕಪ್ಪಗೆ ಹೊಳಪೇರಿದ ಕಮಾನಿನಂಥ ಪಟ್ಟೆ ಕಂಡರೆ ಟೈರು ಉಜ್ಜುತ್ತಿರುವುದು ಅಲ್ಲಿಯೇ.

ಇನ್ನು ರಿಮ್ಮು. ಇಲ್ಲಿ ವ್ಯಾಸಕ್ಕಿಂತ ಮುಖ್ಯವಾದದ್ದು ಆಫ್‌ಸೆಟ್. ಚಕ್ರ ಹಬ್ಬಿಗೆ ಕೂರುವ ಮುಖವು ರಿಮ್ಮಿನ ಅಗಲದ ನಡುಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬ ಅಳತೆ. 7 ಇಂಚು ಅಗಲ, +30 ಮಿ.ಮೀ. ಆಫ್‌ಸೆಟ್ ಇರುವ ರಿಮ್ಮನ್ನು ತೆಗೆದು 8 ಇಂಚು ಅಗಲ, ಸೊನ್ನೆ ಆಫ್‌ಸೆಟ್‌ನ ರಿಮ್ಮು ಹಾಕಿದೆವು ಎಂದುಕೊಳ್ಳೋಣ. ಹೊರ ಅಂಚು ಹಬ್ಬಿನಿಂದ ಮೊದಲು 59 ಮಿ.ಮೀ. ಆಚೆಗಿತ್ತು, ಈಗ 102 ಮಿ.ಮೀ. ಅಂದರೆ 43 ಮಿ.ಮೀ. ಹೊರಗೆ ಬಂತು. ಒಳ ಅಂಚಿಗೆ ಸಿಕ್ಕ ಬಿಡುವು 17 ಮಿ.ಮೀ. ಮಾತ್ರ. ಟೈರು 265ರಿಂದ 285ಕ್ಕೆ ಅಗಲವಾದರೆ ಎರಡೂ ಬದಿಗೆ ಇನ್ನೂ 10 ಮಿ.ಮೀ. ಸೇರಿ ಹೊರಚಾಚು 53 ಆಗುತ್ತದೆ, ಒಳಬಿಡುವು 7ಕ್ಕೆ ಇಳಿಯುತ್ತದೆ.

ಐದು ಸೆಂಟಿಮೀಟರ್ ಹೊರಬಂದ ಚಕ್ರ ತಿರುಗುವಾಗ ದೊಡ್ಡ ಕಮಾನು ಬಿಡಿಸುತ್ತದೆ, ಹಾಗಾಗಿ ಮುಂದೆ ಬಂಪರಿಗೂ ಹಿಂದೆ ಆ ಉಕ್ಕಿನ ಕಿವಿಗೂ ಬೇಗ ತಾಗುತ್ತದೆ. ಅಗಲ ರಿಮ್ಮು ಹಾಕಿಸಿದ ಮೇಲೆ ಉಜ್ಜಾಟ ಹೆಚ್ಚಾಯಿತು ಎಂದು ದೂರುವವರ ಗಾಡಿಯಲ್ಲಿ ತಪ್ಪು ಬಹುಮಟ್ಟಿಗೆ ಇಲ್ಲೇ ಇರುತ್ತದೆ. ಸ್ಟಿಯರಿಂಗ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರಿನ ನಡುಗೆರೆಯ ಹತ್ತಿರ ಬೀಳುವಂತೆ ಗಾಡಿ ಮಾಡಿದವರು ಲೆಕ್ಕ ಹಾಕಿರುತ್ತಾರೆ. ಹೊರಬಂದ ಚಕ್ರದಿಂದ ಆ ಅಂತರ ಬೆಳೆದಷ್ಟೂ ಪ್ರತಿ ಕಲ್ಲಿನ ಏಟು, ಪ್ರತಿ ಬ್ರೇಕಿನ ಎಳೆತ ಸನ್ನೆಕೋಲಿನ ಉದ್ದ ಹೆಚ್ಚಿದಂತೆ ಸ್ಟಿಯರಿಂಗಿಗೆ ಬಂದು ತಾಗುತ್ತದೆ. ಹಬ್ಬಿನ ಬೇರಿಂಗೂ ಬಾಲ್ ಜಾಯಿಂಟೂ ಬೇಗ ಸವೆಯುತ್ತವೆ. ಟೈರು ಮಡ್‌ಗಾರ್ಡಿನಿಂದ ಆಚೆ ಚಾಚಿದ ನೋಟ ಗಟ್ಟಿಮುಟ್ಟಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಇಷ್ಟು ಬೆಲೆ ತೆರುವುದು ನನಗೆ ಸರಿಯೆನಿಸುವುದಿಲ್ಲ.

ಎರಡೇ ಚಕ್ರ ತಳ್ಳುವ ಗಾಡಿಗೆ ದೊಡ್ಡ ಟೈರಿನಿಂದ ಹಿಡಿತ ಹೆಚ್ಚುತ್ತದೆಯೇ? ಈ ಇಡೀ ವಿಷಯದ ತಿರುಳು ಇರುವುದು ಇಲ್ಲಿ. ಖಾಲಿ ಪಿಕಪ್ಪಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಚಕ್ರಗಳ ಮೇಲಿರುತ್ತದೆ. 1,800 ಕಿಲೋ ಗಾಡಿಯಲ್ಲಿ ಹಿಂದೆ ಶೇ. 43 ಇದೆ ಎಂದು ಹಿಡಿಯೋಣ. ಸಡಿಲ ಜಲ್ಲಿಯ ದಾರಿಯಲ್ಲಿ ಘರ್ಷಣೆಯ ಗುಣಾಂಕ 0.5 ಎಂದಿಟ್ಟುಕೊಂಡು, ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ ಈ ಗಾಡಿ ಹತ್ತಬಲ್ಲ ಏರು ಹೆಚ್ಚೆಂದರೆ 13-14 ಡಿಗ್ರಿ. ಅದೇ ನೆಲದಲ್ಲಿ ನಾಲ್ಕೂ ಚಕ್ರ ತಳ್ಳುವ ಗಾಡಿ 26 ಡಿಗ್ರಿವರೆಗೂ ಹತ್ತುತ್ತದೆ. ಈ ಲೆಕ್ಕದ ಸೂತ್ರದಲ್ಲಿ ಹಿಂದಿನ ಆಕ್ಸಲ್ಲಿನ ಪಾಲು ಇದೆ, ನೆಲದ ಗುಣ ಇದೆ, ಗುರುತ್ವ ಕೇಂದ್ರದ ಎತ್ತರ ಇದೆ, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಇದೆ. ಟೈರಿನ ವ್ಯಾಸ ಎಲ್ಲಿಯೂ ಬರುವುದಿಲ್ಲ.

ವ್ಯಾಸದಿಂದ ಅನುಕೂಲವೇ ಇಲ್ಲವೆಂದಲ್ಲ. ದೊಡ್ಡ ಚಕ್ರ ಕಲ್ಲನ್ನು ಸ್ವಲ್ಪ ಹೆಚ್ಚು ಓರೆಯಾಗಿ ಎದುರಿಸುತ್ತದೆ. 15 ಸೆಂ.ಮೀ. ಎತ್ತರದ ಮೆಟ್ಟಿಲಿನಂಥ ಬಂಡೆಗೆ 30.6ರ ಚಕ್ರ ತಾಗುವ ಕೋನ 52 ಡಿಗ್ರಿ, 33ರದ್ದು 50 ಡಿಗ್ರಿ. ಇಷ್ಟೇ ವ್ಯತ್ಯಾಸ. 40 ಇಂಚಿನ ಟೈರಿರುವ ಟ್ರೋಫಿ ಟ್ರಕ್ಕಿನಲ್ಲಿ ಇದು ದೊಡ್ಡ ಮಾತು, ನಮ್ಮ ಪ್ರೀರನ್ನರಿನಲ್ಲಿ ಅಲ್ಲ.

ಹಿಡಿತವನ್ನು ನಿಜವಾಗಿ ಬದಲಿಸುವುದು ಗಾಳಿ. ಟೈರು ನೆಲವನ್ನು ಮುಟ್ಟುವ ಜಾಗದ ವಿಸ್ತೀರ್ಣ ಸುಮಾರಾಗಿ ಅದರ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ಹಿಂದಿನ ಒಂದು ಚಕ್ರದ ಮೇಲೆ 385 ಕಿಲೋ ಇದ್ದು, ಗಾಳಿ 30 ಪಿಎಸ್‌ಐ ಇದ್ದರೆ ಸುಮಾರು 180 ಚದರ ಸೆಂ.ಮೀ. ಗಾಳಿಯನ್ನು 15ಕ್ಕೆ ಇಳಿಸಿದರೆ ಅದರ ಇಮ್ಮಡಿಯ ಹತ್ತಿರ. ಟೈರಿನ ಪಕ್ಕೆಯ ಬಿಗುವಿನಿಂದ ಈ ಅಂಕಿ ಕೊಂಚ ಆಚೀಚೆ ಆಗುತ್ತದೆ, ಮೂಲ ತತ್ವ ಬದಲಾಗುವುದಿಲ್ಲ. ಅದೇ ಒತ್ತಡದಲ್ಲಿ ದೊಡ್ಡ ಟೈರು ಹಾಕಿದರೆ ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಇದ್ದು ಆಕಾರವಷ್ಟೇ ಬದಲಾಗುತ್ತದೆ. ದೊಡ್ಡ ಟೈರಿನ ಲಾಭ ಬೇರೆ: ಪಕ್ಕೆ ಎತ್ತರವಾಗಿರುವುದರಿಂದ ಗಾಳಿ ಇಳಿಸಿದಾಗಲೂ ರಿಮ್ಮು ಕಲ್ಲಿಗೆ ಬಡಿಯುವುದಿಲ್ಲ. ಮರುಭೂಮಿಗೆ ಹೋಗುವ ಹಲವರು 17, 18 ಇಂಚಿನ ಹೊಳೆಯುವ ರಿಮ್ಮು ಬಿಟ್ಟು 15 ಅಥವಾ 16ರ ರಿಮ್ಮಿಗೆ ಅಂಟಿಕೊಳ್ಳುವುದಕ್ಕೂ ಇದೇ ಕಾರಣ. ಹೊರ ವ್ಯಾಸ ಅಷ್ಟೇ ಇರುವಾಗ ರಿಮ್ಮು ಚಿಕ್ಕದಾದಷ್ಟೂ ರಬ್ಬರಿನ ಪಕ್ಕೆ ಎತ್ತರ.

ಗಾಳಿ ಇಳಿಸಿದರೆ ಹಿಡಿತ ಹೆಚ್ಚುವುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಪ್ರಮುಖರು. ಬ್ರಿಟಿಷ್ ಸೇನೆಯ ಎಂಜಿನಿಯರಾಗಿದ್ದ ಅವರು 1920 ಮತ್ತು 30ರ ದಶಕಗಳಲ್ಲಿ ಸಾಮಾನ್ಯ ಫೋರ್ಡ್ ಕಾರುಗಳಲ್ಲಿ ಲಿಬಿಯನ್ ಮರುಭೂಮಿಯ ಮರಳುಗುಡ್ಡಗಳನ್ನು ದಾಟಿದರು. ಹಿಂದಿನ ಎರಡು ಚಕ್ರ ತಳ್ಳುವ ಕಾರುಗಳೇ ಅವು. ಮರಳು ಬಂದಾಗ ಟೈರಿನ ಗಾಳಿ ಇಳಿಸುವುದು, ಹೂತರೆ ಚಕ್ರದಡಿ ಉಕ್ಕಿನ ಪಟ್ಟಿ ಇಡುವುದು ಅವರ ತಂಡದ ದಿನನಿತ್ಯದ ಕೆಲಸವಾಗಿತ್ತು. ಮರಳಿನ ಕಣ ಗಾಳಿಗೆ ಹೇಗೆ ಸಾಗುತ್ತದೆ, ಗುಡ್ಡ ಹೇಗೆ ಕಟ್ಟುತ್ತದೆ ಎಂಬುದರ ಬಗ್ಗೆ ಅವರು 1941ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಆ ವಿಷಯದ ತಳಹದಿ. ಎರಡನೇ ಮಹಾಯುದ್ಧದಲ್ಲಿ ಅವರು ಕಟ್ಟಿದ ಮರುಭೂಮಿ ಪಡೆ ನೆಚ್ಚಿಕೊಂಡದ್ದು ಟು ವ್ಹೀಲ್ ಡ್ರೈವ್ ಷೆವ್ರೊಲೆ ಟ್ರಕ್ಕುಗಳನ್ನು. ಒಂದು ಗಾಳಿಯ ಮಾಪಕ, ಒಂದು ಸಣ್ಣ ಕಂಪ್ರೆಸರ್ ಇಟ್ಟುಕೊಂಡ ಪ್ರೀರನ್ನರ್ ಮಾಲೀಕರಿಗೆ ಸಿಗುವ ಹಿಡಿತ, 33ರ ಟೈರು ಹಾಕಿ 35 ಪಿಎಸ್‌ಐ ಗಾಳಿ ತುಂಬಿಕೊಂಡು ಮರಳಿಗಿಳಿದವರಿಗೆ ಸಿಗುವುದಿಲ್ಲ.

ಈಗ ದೊಡ್ಡ ಟೈರಿನ ಬೆಲೆ ನೋಡೋಣ. ಬಿಲ್ಲಿನಲ್ಲಿ ಕಾಣದ ಬೆಲೆ. 777ರಿಂದ 834ಕ್ಕೆ ಹೋದಾಗ ಪರಿಧಿ ಶೇ. 7.3 ಹೆಚ್ಚುತ್ತದೆ. ಸ್ಪೀಡೋಮೀಟರಿಗೆ ಗೊತ್ತಿರುವುದು ಚಕ್ರದ ಸುತ್ತು ಮಾತ್ರ. ಮುಳ್ಳು 100 ತೋರಿಸುವಾಗ ಗಾಡಿ 107ರಲ್ಲಿ ಓಡುತ್ತಿರುತ್ತದೆ. ಓಡಿದ ಕಿಲೋಮೀಟರೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ ದಾಖಲಾಗುತ್ತದೆ. ಹಾಗಾಗಿ ಲೀಟರಿಗೆ 10 ಕಿ.ಮೀ. ಕೊಡುತ್ತಿದ್ದ ಗಾಡಿ ಒಂದು ಹನಿ ಹೆಚ್ಚು ಪೆಟ್ರೋಲು ಕುಡಿಯದಿದ್ದರೂ 9.3 ಕೊಟ್ಟಂತೆ ಕಾಣುತ್ತದೆ. ಮೈಲೇಜು ಬಿತ್ತು ಎನ್ನುವ ಮೊದಲು ಈ ತಿದ್ದುಪಡಿ ಮಾಡಿಕೊಳ್ಳಬೇಕು. ಆಮೇಲೂ ಬಿದ್ದಿದ್ದರೆ ಅದು ನಿಜವಾದ ಇಳಿಕೆ, ಬಹುತೇಕ ಬಿದ್ದೇ ಇರುತ್ತದೆ.

ಅದೇ ಕಾರಣಕ್ಕೆ ಎಂಜಿನ್ನಿನ ಎಳೆತದಲ್ಲೂ ಶೇ. 6.8 ಕಡಿತವಾಗುತ್ತದೆ, ಬ್ರೇಕಿನಲ್ಲೂ ಆಗುತ್ತದೆ. ಚಕ್ರದ ತ್ರಿಜ್ಯ ಉದ್ದವಾದಂತೆ ಅದೇ ತಿರುಗುಬಲದಿಂದ ನೆಲಕ್ಕೆ ಸಿಗುವ ತಳ್ಳುಬಲ ಕಡಿಮೆ. ಹಿಂದಿನ ಆಕ್ಸಲ್ಲಿನ ಗೇರು ಅನುಪಾತ 3.73 ಇದ್ದರೆ ಅದು 3.48 ಇದ್ದಂತೆ ವರ್ತಿಸುತ್ತದೆ. ಮೊದಲಿನಂತಾಗಲು 4.00 ಬೇಕು, ಅಂಗಡಿಯಲ್ಲಿ ಸಿಗುವ ಹತ್ತಿರದ ಜೋಡಿ 4.10. ಇಲ್ಲಿ ಮಾತ್ರ ಟು ವ್ಹೀಲ್ ಡ್ರೈವ್ ಮಾಲೀಕರಿಗೆ ಒಂದು ಸಮಾಧಾನವಿದೆ: ಬದಲಿಸಬೇಕಾದ ಡಿಫರೆನ್ಷಿಯಲ್ ಒಂದೇ. ಫೋರ್ ವ್ಹೀಲ್ ಡ್ರೈವಿನಲ್ಲಿ ಮುಂದಿನದನ್ನೂ ಬದಲಿಸದೆ ಗತಿಯಿಲ್ಲ.

ತೂಕದ ಲೆಕ್ಕ ಇನ್ನೂ ಕಠಿಣ. ಕಂಪನಿ ಕೊಟ್ಟ 30.6ರ ಟೈರು ಸುಮಾರು 17 ಕಿಲೋ ತೂಗಿದರೆ ಗಟ್ಟಿ ಪದರಗಳ 33ರ ಟೈರು 25ಕ್ಕೂ ಹೆಚ್ಚು ತೂಗುತ್ತದೆ. ಆ ತೂಕದಲ್ಲಿ ಬಹುಪಾಲು ಹೊರ ಅಂಚಿನಲ್ಲಿದೆ. ಉರುಳುವ ವಸ್ತುವಿನ ಅಂಚಿನಲ್ಲಿರುವ ಒಂದು ಕಿಲೋವನ್ನು ಮುಂದಕ್ಕೂ ಸಾಗಿಸಬೇಕು, ಸುತ್ತಲೂ ತಿರುಗಿಸಬೇಕು. ವೇಗ ಹೆಚ್ಚಿಸುವಾಗಲೂ ಬ್ರೇಕ್ ಹಾಕುವಾಗಲೂ ಅದು ಹತ್ತಿರಹತ್ತಿರ ಎರಡು ಕಿಲೋದಷ್ಟು ಭಾರವಾಗಿ ಎಣಿಕೆಯಾಗುತ್ತದೆ. ಸ್ಪ್ರಿಂಗಿನ ಕೆಳಗಿನ ಭಾರ ಹೆಚ್ಚಿದ್ದರಿಂದ ತಗಡಿನಂತೆ ಏರಿಳಿತವಿರುವ ಮಣ್ಣಿನ ದಾರಿಯಲ್ಲಿ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಎರಡೇ ಚಕ್ರ ತಳ್ಳುವಾಗ ಅವು ನೆಲ ಬಿಟ್ಟ ಪ್ರತಿ ಕ್ಷಣವೂ ಹಿಡಿತ ಕಳೆದುಕೊಂಡ ಕ್ಷಣವೇ.

ಗಾಡಿ ಮಗುಚುವ ಅಪಾಯವನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಒಂದು ಸರಳ ಅನುಪಾತದಿಂದ ಅಳೆಯುತ್ತದೆ: ಎಡ-ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಇಮ್ಮಡಿಯಿಂದ ಭಾಗಿಸುವುದು. ಅಗಲ 1.6 ಮೀ., ಎತ್ತರ 0.70 ಮೀ. ಎಂದು ಹಿಡಿದರೆ 1.14. ಲಿಫ್ಟ್ ಮತ್ತು ಟೈರು ಸೇರಿ ಗುರುತ್ವ ಕೇಂದ್ರ 9 ಸೆಂ.ಮೀ. ಮೇಲೇರಿದರೆ 1.01. ಹೊರಚಾಚಿದ ರಿಮ್ಮಿನಿಂದ ಅಗಲ 6 ಸೆಂ.ಮೀ. ಹೆಚ್ಚಿದರೂ ಸುಮಾರು 1.05 ಅಷ್ಟೇ. ಸಾಮಾನ್ಯ ಕಾರುಗಳಲ್ಲಿ ಇದು 1.3ರಿಂದ 1.5ರವರೆಗೆ ಇರುತ್ತದೆ. ಹೆದ್ದಾರಿಯಲ್ಲಿ ದಿಢೀರನೆ ಅಡ್ಡಬಂದ ಪ್ರಾಣಿಯನ್ನು ತಪ್ಪಿಸಲು ಸ್ಟಿಯರಿಂಗ್ ಎಳೆದಾಗ ಈ ಪುಟ್ಟ ಅಂಕಿಯೇ ಜೀವ ಉಳಿಸುತ್ತದೆ ಅಥವಾ ತೆಗೆಯುತ್ತದೆ.

ಭಾರದ ದರ್ಜೆಯನ್ನೂ ನೋಡಲೇಬೇಕು. ಅಳತೆಯ ಮುಂದೆ ‘ಪಿ’ ಇದ್ದರೆ ಕಾರಿನ ವರ್ಗದ ಟೈರು, ‘ಎಲ್‌ಟಿ’ ಇದ್ದರೆ ಲಘು ಟ್ರಕ್ಕಿನದ್ದು. ಎಲ್‌ಟಿ ಟೈರು ಅದೇ ಭಾರ ಹೊರಲು ಹೆಚ್ಚು ಗಾಳಿ ಕೇಳುತ್ತದೆ. ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುವ ಒತ್ತಡ ಹಳೆಯ ಟೈರಿಗೆ ಸರಿ, ಹೊಸದಕ್ಕೆ ಟೈರು ಕಂಪನಿಯ ಪಟ್ಟಿಯನ್ನೇ ನೋಡಬೇಕು. ಕಡಿಮೆ ಗಾಳಿಯಲ್ಲಿ ಬಿಸಿಲಿನ ಹೆದ್ದಾರಿಯಲ್ಲಿ ವೇಗವಾಗಿ ಓಡಿದರೆ ಪಕ್ಕೆ ಪ್ರತಿ ಸುತ್ತಿಗೂ ಬಾಗಿ ಬಿಸಿಯೇರಿ ಪದರಗಳು ಬಿಚ್ಚಿಕೊಳ್ಳುತ್ತವೆ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಇಂಥ ಪದರ ಬಿಚ್ಚುವ ಸಾವುಗಳ ಬಳಿಕ. ಟೈರಿನ ದೋಷ, ಫೋರ್ಡ್ ಎಕ್ಸ್‌ಪ್ಲೋರರಿಗೆ ಸೂಚಿಸಿದ್ದ 26 ಪಿಎಸ್‌ಐ ಗಾಳಿ, ಗಾಡಿಯ ಎತ್ತರ ಎಲ್ಲವೂ ಆಗ ಚರ್ಚೆಗೆ ಬಂದವು. ಅಮೆರಿಕದ ಹೊಸ ಗಾಡಿಗಳಲ್ಲಿ ಗಾಳಿ ಇಳಿದರೆ ಎಚ್ಚರಿಸುವ ದೀಪ ಕಡ್ಡಾಯವಾದದ್ದು ಅದರ ಫಲ. ಮರಳಿಗೆಂದು ಇಳಿಸಿದ ಗಾಳಿಯನ್ನು ಡಾಂಬರು ಸಿಕ್ಕ ಕೂಡಲೇ ತುಂಬಬೇಕಾದದ್ದೂ ಹೀಗೆ ಪದರ ಬಿಚ್ಚದಿರಲೆಂದೇ.

ಎಲ್ಲವನ್ನೂ ತೂಗಿ ನೋಡಿದರೆ, ಎರಡೂವರೆ ಮೂರು ಇಂಚು ಎತ್ತರಿಸಿದ ಪ್ರೀರನ್ನರಿಗೆ ನನ್ನ ಆಯ್ಕೆ 265/75ಆರ್16, ಅಂದರೆ 32. ಇದು ಕಂಪನಿಯ 7 ಇಂಚು ಅಗಲದ ರಿಮ್ಮಿಗೇ ಕೂರುತ್ತದೆ, ಆಫ್‌ಸೆಟ್ ಕೆಡುವುದಿಲ್ಲ. ಪರಿಧಿ ಹೆಚ್ಚುವುದು ಶೇ. 3.4 ಮಾತ್ರ, ಗೇರು ಮುಟ್ಟಬೇಕಿಲ್ಲ. ಉಳಿದ ಹಣದಲ್ಲಿ ಹಿಂದಿನ ಡಿಫರೆನ್ಷಿಯಲ್ಲಿಗೆ ಒಂದು ಲಾಕರ್ ಹಾಕಿಸಿದರೆ ಎರಡೂ ಹಿಂಚಕ್ರ ಒಟ್ಟಿಗೆ ತಳ್ಳುತ್ತವೆ. 33ರ ಟೈರು ಕೊಡದ ಹಿಡಿತವನ್ನು ಅದು ಕೊಡುತ್ತದೆ. 285/75ಆರ್16ಕ್ಕೆ 7.5ರಿಂದ 9 ಇಂಚಿನ ರಿಮ್ಮು ಬೇಕು; ಅಲ್ಲಿಂದ ಮುಂದೆ ರಿಮ್ಮು, ಆಫ್‌ಸೆಟ್, ಕತ್ತರಿಸುವ ಕೆಲಸ, ಗೇರು ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಅದಕ್ಕೆ ಸಿದ್ಧರಿದ್ದು, ಆಗಾಗ ಒರಟು ದಾರಿಯಲ್ಲೇ ತಿರುಗುವವರು ಹೋಗಲಿ. ವಾರವಿಡೀ ಕೆಲಸಕ್ಕೆ ಹೋಗಿಬರುವ ಗಾಡಿಗೆ ಅದು ಬೇಡ.

ಕ್ಯಾಲಿಫೋರ್ನಿಯಾ ಸೇರಿದಂತೆ ಅಮೆರಿಕದ ಹಲವು ರಾಜ್ಯಗಳಲ್ಲಿ ಚಾಸಿಯ ಎತ್ತರಕ್ಕೆ ಕಾನೂನಿನ ಮಿತಿ ಇದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇನ್ನೂ ಬಿಗಿ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅಮೆರಿಕದಲ್ಲಿ ನೆಲೆಸಿ ಈ ಕೆಲಸಕ್ಕೆ ಕೈಹಾಕುವ ಕನ್ನಡಿಗರೇ, ಟೈರು ಆರ್ಡರ್ ಮಾಡುವ ಮೊದಲೇ ಸ್ಪ್ರಿಂಗು ತೆಗೆದು ಜಾಕ್ ಎತ್ತಿ ಅಳತೆ ಮಾಡಿಸಿ. ಹೊಸ ಚಕ್ರ ಕೂರಿಸಿದ ಮೇಲೆ ಮೊದಲ 80ರಿಂದ 150 ಕಿ.ಮೀ. ಒಳಗೆ ನಟ್ಟುಗಳನ್ನು ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿತಕ್ಕೆ ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿಸುವುದನ್ನು ಮರೆಯಬೇಡಿ.